ಮನೆಯ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ತನ್ನಿ

ಹೋದ ವರ್ಷ ಶ್ರಾವಣದಲ್ಲಿ ಗುಳೇದಗುಡ್ಡದ ಕಡೆಯ ಒಬ್ಬ ಅಜ್ಜಿ ಮಗನ ಬೈಕಿನ ಹಿಂದೆ ಕುಳಿತು ಬಾಗಲಕೋಟೆ ನವನಗರದ ನಮ್ಮ ಔಷಧ ಅಂಗಡಿಗೆ ಬಂದರು. ಮಗ ಬೈಕಿನಿಂದ ಇಳಿಯುತ್ತಲೇ, "ಅಣ್ಣಾವರೇ, ಅವ್ವನ ಕಾಲು ಮತ್ತೆ ಬಾತಿವೆ. ನೀರಿಳಿಸುವ ಗುಳಿಗೆ ಇನ್ನೊಂದು ಸ್ಟ್ರಿಪ್ ಕೊಡಿ" ಎಂದರು. ಸಂಜೆಯ ಗದ್ದಲವಾಗಿದ್ದರೆ ಹಳೆಯ ಚೀಟಿ ನೋಡಿ ಕೊಟ್ಟು ಕಳಿಸಿಬಿಡುತ್ತಿದ್ದೆನೇನೋ. ಅಂದು ಮಧ್ಯಾಹ್ನ ಮೂರು ಗಂಟೆ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಜ್ಜಿ ತಮ್ಮ ಮಡಿಲಲ್ಲಿ ಅಮೀನಗಡದ ಕರದಂಟಿನ ಡಬ್ಬಿಯೊಂದನ್ನು ಹಿಡಿದಿದ್ದರು. "ಅದರಲ್ಲಿ ಏನಿದೆ ಅಜ್ಜಿ?" ಎಂದೆ. ಮುಚ್ಚಳ ತೆಗೆದರು. ಹದಿನಾಲ್ಕು ಬಗೆಯ ಗುಳಿಗೆಗಳು.

ಅವನ್ನೆಲ್ಲ ಮೇಜಿನ ಮೇಲೆ ಹರಡಿ ಒಂದೊಂದಾಗಿ ನೋಡಿದೆವು. ರಕ್ತದೊತ್ತಡಕ್ಕೆಂದು ಊರಿನ ವೈದ್ಯರು ಬರೆದ ಆಮ್ಲಾಂಗ್ 5 ರಾತ್ರಿಗೆ. ಮೊಣಕಾಲಿಗೆಂದು ಮಹಾರಾಷ್ಟ್ರದ ಮಿರಜಿಗೆ ಹೋದಾಗ ಅಲ್ಲಿ ಬಿ.ಪಿ. ಹೆಚ್ಚಿದೆಯೆಂದು ಬರೆದುಕೊಟ್ಟ ಟೆಲ್ಮಾ-ಎಎಂ ಬೆಳಿಗ್ಗೆಗೆ. ಆ 'ಎಎಂ' ಎಂಬ ಎರಡು ಅಕ್ಷರಗಳಲ್ಲಿಯೇ ಕಥೆ ಅಡಗಿತ್ತು. ಅದು ಬೆಳಗಿನ ಹೊತ್ತಿನ ಗುರುತಲ್ಲ, ಆಮ್ಲೊಡಿಪಿನ್ ಎಂಬ ಔಷಧದ ಗುರುತು. ಆಮ್ಲಾಂಗ್ ಕೂಡ ಆಮ್ಲೊಡಿಪಿನ್. ಎರಡೂ ಸೇರಿ ದಿನಕ್ಕೆ 10 ಮಿಲಿಗ್ರಾಂ. ಈ ಔಷಧದ ಪ್ರಮಾಣ ಏರಿದಷ್ಟೂ ಪಾದ ಬಾಯುವುದು ಹೆಚ್ಚು. ಬಾವು ಕಂಡ ಮೂರನೆಯ ವೈದ್ಯರು ನೀರಿಳಿಸುವ ಫ್ಯುರೊಸೆಮೈಡ್ ಬರೆದಿದ್ದರು. ಅದನ್ನು ನುಂಗಿ ರಾತ್ರಿಯೆಲ್ಲ ಬಚ್ಚಲಿಗೆ ಎದ್ದು ಓಡಾಡಿದ ಅಜ್ಜಿ ಒಮ್ಮೆ ತಲೆ ತಿರುಗಿ ಹೊಸ್ತಿಲ ಮೇಲೆ ಬಿದ್ದಿದ್ದರು. ಬಿದ್ದ ಪೆಟ್ಟಿನ ನೋವಿಗೆ ಮತ್ತೊಂದು ಗುಳಿಗೆ.

ಮೂವರು ವೈದ್ಯರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ಚೀಟಿಯನ್ನಷ್ಟೇ ನೋಡಿದ್ದರು. ಡಬ್ಬಿಯನ್ನು ಯಾರೂ ನೋಡಿರಲಿಲ್ಲ. ನಾನು ನಾಲ್ಕು ಸಾಲು ಬರೆದುಕೊಟ್ಟೆ. ವೈದ್ಯರು ಒಂದು ಆಮ್ಲೊಡಿಪಿನ್ ನಿಲ್ಲಿಸಿದರು. ಬಾವು ಇಳಿದ ಮೇಲೆ ನೀರಿನ ಗುಳಿಗೆಯನ್ನೂ ಬಿಡಿಸಿದರು.

ಹೀಗೆ ಡಬ್ಬಿ ಸುರಿದು ನೋಡುವುದಕ್ಕೆ ನಮ್ಮ ವೃತ್ತಿಯಲ್ಲಿ ಔಷಧ ಪರಿಶೀಲನೆ ಎನ್ನುತ್ತೇವೆ. ಇದಕ್ಕೆ ದೊಡ್ಡ ಆಸ್ಪತ್ರೆ ಬೇಡ, ಯಂತ್ರ ಬೇಡ. ಒಬ್ಬ ಫಾರ್ಮಾಸಿಸ್ಟ್, ಒಂದು ಮೇಜು, ಅರ್ಧ ಗಂಟೆಯ ಪುರುಸೊತ್ತು ಸಾಕು. ನೀವು ಹೇಗೆ ತಯಾರಾಗಿ ಬರಬೇಕು, ನಾವು ಏನು ಕೇಳುತ್ತೇವೆ, ಆಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಯಾರು ಬರಬೇಕು

ನೆಗಡಿಗೆ ಮೂರು ದಿನ ಗುಳಿಗೆ ನುಂಗಿದವರಿಗೆ ಇದು ಬೇಡ. ದಿನವೂ ಐದು ಅಥವಾ ಹೆಚ್ಚು ಬಗೆಯ ಔಷಧ ತೆಗೆದುಕೊಳ್ಳುವವರು, ಒಬ್ಬರಿಗಿಂತ ಹೆಚ್ಚು ವೈದ್ಯರ ಬಳಿ ತೋರಿಸುವವರು, ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದವರು, ಕಿಡ್ನಿ ಅಥವಾ ಯಕೃತ್ತಿನ ತೊಂದರೆ ಇರುವವರು, ಇತ್ತೀಚೆಗೆ ಕಾರಣವಿಲ್ಲದೆ ಬಿದ್ದವರು ತಪ್ಪದೆ ಬರಬೇಕು. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಅವರ ಡಬ್ಬಿಯನ್ನು ಮೊದಲು ನೋಡಿ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಇನ್ನೊಂದು ಕಾರಣವೂ ಇದೆ. ಬೆಳಗಾವಿ, ಜಮಖಂಡಿ ಕಡೆಯವರು ಮಿರಜ್, ಸಾಂಗ್ಲಿಗೆ ಹೋಗುತ್ತಾರೆ. ವಿಜಯಪುರದವರು ಸೊಲ್ಲಾಪುರಕ್ಕೆ, ಬಾಗಲಕೋಟೆಯವರು ಹುಬ್ಬಳ್ಳಿಗೆ. ಹೋದ ಕಡೆಯಲ್ಲೇ ಒಂದು ತಿಂಗಳ ಔಷಧ ಕಟ್ಟಿಸಿಕೊಂಡು ಬರುತ್ತಾರೆ. ಊರಿಗೆ ಬಂದ ಮೇಲೆ ಊರಿನ ಗುಳಿಗೆಯೂ ಮುಂದುವರಿಯುತ್ತದೆ, ಮಿರಜಿನದೂ ಶುರುವಾಗುತ್ತದೆ. ದೊಡ್ಡ ಡಾಕ್ಟರು ಕೊಟ್ಟದ್ದನ್ನು ಬಿಡಬಾರದು ಎಂಬ ಗೌರವ ಒಂದು ಕಡೆ, ನಮ್ಮ ಡಾಕ್ಟರು ಬೇಸರ ಮಾಡಿಕೊಂಡಾರು ಎಂಬ ದಾಕ್ಷಿಣ್ಯ ಇನ್ನೊಂದು ಕಡೆ. ನಡುವೆ ಪಾಡು ಪಡುವುದು ಹೊಟ್ಟೆ.

ಯಾರ ಬಳಿ ಹೋಗಬೇಕು

ಅಂಗಡಿಯ ಹುಡುಗ ಫಾರ್ಮಾಸಿಸ್ಟ್ ಅಲ್ಲ. ಈ ಮಾತು ನನ್ನ ವ್ಯಾಪಾರದ ಬಂಧುಗಳಿಗೆ ಹಿಡಿಸಲಾರದು, ಆದರೂ ಹೇಳಬೇಕು. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಾಸಿಸ್ಟ್. ಪಿಯುಸಿ ನಂತರ ಎರಡು ವರ್ಷದ ಡಿಪ್ಲೊಮಾ ಮುಗಿಸಿ ತರಬೇತಿ ಪಡೆದವರು ಅಥವಾ ನಾಲ್ಕು ವರ್ಷದ ಬಿ.ಫಾರ್ಮ್ ಓದಿದವರು ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರುತ್ತಾರೆ. 2008ರಿಂದ ನಮ್ಮ ದೇಶದಲ್ಲಿ ಆರು ವರ್ಷದ ಫಾರ್ಮ್.ಡಿ. ಕೂಡ ಇದೆ; ಅದನ್ನು ಓದಿದವರಿಗೆ ರೋಗಿಯ ಜೊತೆ ಕುಳಿತು ಔಷಧ ನೋಡುವುದೇ ಮುಖ್ಯ ಪಾಠ. ಬೆಳಗಾವಿಯಲ್ಲಿ ಕೆ.ಎಲ್.ಇ., ವಿಜಯಪುರದಲ್ಲಿ ಬಿ.ಎಲ್.ಡಿ.ಇ., ಬಾಗಲಕೋಟೆಯ ನಮ್ಮ ವಿದ್ಯಾಗಿರಿಯಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ, ಹೀಗೆ ಮೂರೂ ಊರುಗಳಲ್ಲಿ ಫಾರ್ಮಸಿ ಕಾಲೇಜುಗಳಿವೆ. ಓದಿದವರಿಗೆ ಬರವಿಲ್ಲ.

ಅಂಗಡಿಯ ಗೋಡೆಯ ಮೇಲೆ ಪರವಾನಗಿ ಮತ್ತು ಪ್ರಮಾಣಪತ್ರ ತೂಗುಹಾಕಿರುತ್ತಾರೆ. ಹೆಸರು ಓದಿ, "ಇವರು ಯಾವಾಗ ಸಿಗುತ್ತಾರೆ?" ಎಂದು ಕೇಳಿ. ಕೇಳುವುದು ಅಗೌರವವಲ್ಲ. ಉತ್ತರ ತಡವರಿಸಿದರೆ ಪಕ್ಕದ ಅಂಗಡಿಗೆ ಹೋಗಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿವಳಿಕೆ ಕೊಡುವುದನ್ನು ನಮ್ಮ ಕೆಲಸದ ಭಾಗವೆಂದೇ ಬರೆದಿವೆ. ಹಾಗಾಗಿ ನೀವು ಕೇಳುವುದು ಉಪಕಾರವನ್ನಲ್ಲ.

ಸಂಜೆ ಆರರಿಂದ ಒಂಬತ್ತು ಬೇಡ, ಅದು ಆಸ್ಪತ್ರೆಗಳಿಂದ ಜನ ಬಂದು ಮುತ್ತುವ ಹೊತ್ತು. ಸಂತೆಯ ದಿನವೂ ಬೇಡ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬರುತ್ತೇನೆಂದು ಹಿಂದಿನ ದಿನ ಹೇಳಿಟ್ಟರೆ ಒಳ್ಳೆಯದು. ಹಣ? ನಾನು ತೆಗೆದುಕೊಳ್ಳುವುದಿಲ್ಲ. ಯಾರಾದರೂ ತಮ್ಮ ಸಮಯಕ್ಕೆಂದು ಸಣ್ಣ ಮೊತ್ತ ಕೇಳಿದರೆ ಅದನ್ನು ತಪ್ಪೆನ್ನಲಾರೆ. ಒಂದು ಮಾತ್ರ ನೋಡಿಕೊಳ್ಳಿ: ಪರಿಶೀಲನೆ ಮುಗಿದಾಗ ನಿಮ್ಮ ಚೀಲ ತಂದದ್ದಕ್ಕಿಂತ ಭಾರವಾಗಿ, ಒಳಗೆ ಹೊಸ ಟಾನಿಕ್ಕು, ಪ್ರೋಟೀನ್ ಪುಡಿ ಸೇರಿದ್ದರೆ ಅಲ್ಲಿ ನಡೆದದ್ದು ವ್ಯಾಪಾರ.

ಇಂಗ್ಲೆಂಡಿನಲ್ಲಿ 2005ರಿಂದ 2021ರವರೆಗೆ ಔಷಧ ಅಂಗಡಿಗಳು ಇದನ್ನು ಸರ್ಕಾರದ ಹಣದಲ್ಲಿ ನಡೆಸಿದವು, ಹೆಚ್ಚಿನ ವರ್ಷಗಳಲ್ಲಿ ಒಂದು ಅಂಗಡಿಗೆ ವರ್ಷಕ್ಕೆ 400 ಪರಿಶೀಲನೆಗಳ ಮಿತಿ. ಕೊನೆಗೆ ಅದನ್ನು ನಿಲ್ಲಿಸಿ, ವೈದ್ಯರ ಜೊತೆಗೇ ಕೆಲಸ ಮಾಡುವ ಫಾರ್ಮಾಸಿಸ್ಟರ ಕೈಗೆ ಒಪ್ಪಿಸಿದರು. ನಮ್ಮಲ್ಲಿ ಮಿತಿಯೂ ಇಲ್ಲ, ಹಣವೂ ಇಲ್ಲ. ಕೇಳುವ ರೋಗಿ ಮತ್ತು ಕೂರುವ ಫಾರ್ಮಾಸಿಸ್ಟ್ ಸಿಕ್ಕರೆ ಆಯಿತು.

ಚೀಲ ತುಂಬುವುದು

ಹಿಂದಿನ ರಾತ್ರಿ ಮನೆಯನ್ನು ಒಮ್ಮೆ ಸುತ್ತಿ. ಗುಳಿಗೆಗಳು ಡಬ್ಬಿಯಲ್ಲಿ ಮಾತ್ರ ಇರುವುದಿಲ್ಲ. ದೇವರ ಮಾಡದಲ್ಲಿ, ದಿಂಬಿನ ಕೆಳಗೆ, ಫ್ರಿಜ್ಜಿನ ಬಾಗಿಲಲ್ಲಿ, ಹೊಲಕ್ಕೆ ಹೋಗುವಾಗಿನ ಅಂಗಿಯ ಜೇಬಿನಲ್ಲಿ, ಮಗ್ಗದ ಪಕ್ಕದ ಗೂಡಿನಲ್ಲಿ ಇರುತ್ತವೆ. ನೇಕಾರರ ಮನೆಗಳಲ್ಲಿ ಬೆನ್ನುನೋವಿನ ಗುಳಿಗೆ ಇರುವುದು ಆ ಗೂಡಿನಲ್ಲೇ, ಏಕೆಂದರೆ ಬೇಕಾಗುವುದು ಅಲ್ಲೇ. ಎಲ್ಲವನ್ನೂ ಚೀಲಕ್ಕೆ ಹಾಕಿ.

ಕಣ್ಣಿನ ಹನಿ, ಹಚ್ಚುವ ಮುಲಾಮು, ಉಬ್ಬಸದ ಪಂಪು ಸಹ ಔಷಧಗಳೇ. ಕಷಾಯದ ಪುಡಿ, ಚೂರ್ಣ, ಮೊಣಕಾಲಿಗೆಂದು ಯಾರೋ ಕೊಟ್ಟ ಹೆಸರಿಲ್ಲದ ಪುಡಿಯ ಪೊಟ್ಟಣವೂ ಬರಲಿ. ಇವನ್ನು ತರಲು ಜನ ನಾಚುತ್ತಾರೆ. ನಾವು ಬೈಯುವುದಿಲ್ಲ. ಆದರೆ ಜೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಎರಡೇ ದಿನದಲ್ಲಿ ಹತ್ತು ವರ್ಷದ ಕೀಲುನೋವು ಮಾಯ ಮಾಡುವ ಪುಡಿ ಕಂಡರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು ಎಂಬ ಅನುಮಾನ ನನಗೆ ಬರುತ್ತದೆ. ಸ್ಟೀರಾಯ್ಡ್ ಸಕ್ಕರೆ ಕಾಯಿಲೆಯವರ ಸಕ್ಕರೆಯನ್ನು ಏರಿಸಿಬಿಡುತ್ತದೆ. ತಿಂಗಳುಗಟ್ಟಲೆ ನುಂಗಿದವರು ಅದನ್ನು ಒಮ್ಮೆಲೇ ಬಿಡುವಂತೆಯೂ ಇಲ್ಲ; ವೈದ್ಯರ ಮುಂದೆ ಪೊಟ್ಟಣ ತೋರಿಸಲೇಬೇಕು.

ಎಲ್ಲ ವೈದ್ಯರ ಚೀಟಿಗಳು, ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದ, ಈ ವರ್ಷದ ರಕ್ತಪರೀಕ್ಷೆಯ ವರದಿಗಳು ಬೇಕು. ವರದಿಯಲ್ಲಿ ನಾವು ಮೊದಲು ಹುಡುಕುವುದು ಕ್ರಿಯಾಟಿನಿನ್. ಕಿಡ್ನಿ ಹೇಗಿದೆ ಎನ್ನುವುದರ ಮೇಲೆ ಎಷ್ಟೋ ಔಷಧಗಳ ಪ್ರಮಾಣ ನಿಂತಿರುತ್ತದೆ.

ಸ್ಟ್ರಿಪ್ ಕತ್ತರಿಸಿದ್ದರೆ ಆ ತುಂಡುಗಳನ್ನೂ ಬಿಡಬೇಡಿ. ಐದೇ ಗುಳಿಗೆ ಸಾಕೆಂದು ಕತ್ತರಿಸಿ ಕೊಂಡಾಗ ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ತಿಂಗಳು ಇನ್ನೊಂದು ತುಂಡಿಗೆ ಹೋಗುತ್ತದೆ. ನಿಮ್ಮ ಮನೆಗೆ ಬಂದದ್ದು ಬೆಳ್ಳಿ ಬಣ್ಣದ ಅನಾಮಿಕ. ಇನ್ನು ಮುಂದೆ ಕತ್ತರಿಸಿ ಕೊಳ್ಳುವಾಗ ಹೆಸರು ಮತ್ತು ತಿಂಗಳನ್ನು ಪೊಟ್ಟಣದ ಮೇಲೆ ಬರೆಸಿಕೊಳ್ಳಿ.

ಮೇಜಿನ ಮೇಲೆ ಸುರಿದ ನಂತರ

ನಾವು ಪ್ರತಿ ಔಷಧವನ್ನು ಕೈಗೆತ್ತಿಕೊಂಡು ಕೇಳುವ ಪ್ರಶ್ನೆಗಳು ಸರಳ. ಇದು ಯಾವುದಕ್ಕೆ? ದಿನಕ್ಕೆ ಎಷ್ಟು, ಯಾವ ಹೊತ್ತಿಗೆ, ಊಟದ ಮುಂಚೆಯೋ ನಂತರವೋ? ಎಂದಿನಿಂದ? ವಾರದಲ್ಲಿ ಎಷ್ಟು ದಿನ ತಪ್ಪುತ್ತದೆ?

ಕೊನೆಯ ಪ್ರಶ್ನೆಗೆ ದಯವಿಟ್ಟು ನಿಜ ಹೇಳಿ. "ಒಂದು ದಿನವೂ ತಪ್ಪಿಲ್ಲ" ಎಂದು ಎದೆ ತಟ್ಟಿ ಹೇಳುವವರ ಸ್ಟ್ರಿಪ್ಪಿನಲ್ಲಿ ಮೂವತ್ತು ದಿನದ ಗುಳಿಗೆ ಐವತ್ತನೆಯ ದಿನಕ್ಕೂ ಉಳಿದಿರುತ್ತದೆ. ನಾವು ಎಣಿಸುತ್ತೇವೆ. ದುಡ್ಡು ಸಾಲದೆ ದಿನ ಬಿಟ್ಟು ದಿನ ನುಂಗುತ್ತಿದ್ದರೆ ಅದನ್ನೂ ಹೇಳಿ, ಅದಕ್ಕೆ ದಾರಿ ಇದೆ: ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗಬಹುದು, ವೈದ್ಯರಿಂದ ಔಷಧದ ಮೂಲ ಹೆಸರಿನಲ್ಲಿ ಚೀಟಿ ಬರೆಸಿಕೊಂಡರಾಯಿತು. ನಿಜ ಹೇಳದೆ ಹೋದರೆ ವೈದ್ಯರು "ಔಷಧ ಸಾಲುತ್ತಿಲ್ಲ" ಎಂದುಕೊಂಡು ಪ್ರಮಾಣ ಏರಿಸುತ್ತಾರೆ. ಆಮೇಲೆ ಮಗಳು ಬಂದು ದಿನವೂ ನೆನಪಿಸಿ ನುಂಗಿಸಲು ಶುರು ಮಾಡಿದರೆ ಬಿ.ಪಿ. ದಿಢೀರನೆ ಕುಸಿಯುತ್ತದೆ.

"ಯಾವುದಕ್ಕೆ?" ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಗುಳಿಗೆಗಳನ್ನು ಒಂದು ಬದಿಗೆ ಇಡುತ್ತೇವೆ. ಅಲ್ಲಿ ಹೆಚ್ಚಾಗಿ ಸೇರುವುದು ಗ್ಯಾಸಿನ ಗುಳಿಗೆ. ನಾಲ್ಕು ವರ್ಷದ ಹಿಂದೆ ಯಾವುದೋ ನೋವಿನ ಔಷಧದ ಜೊತೆ ಹದಿನೈದು ದಿನಕ್ಕೆಂದು ಬರೆದ ಪ್ಯಾಂಟೊಪ್ರಜೋಲ್ ಇಂದಿಗೂ ನಡೆಯುತ್ತಿರುತ್ತದೆ. ವರ್ಷಗಟ್ಟಲೆ ನುಂಗಿದರೆ ಅದು ಬಿ-12 ಜೀವಸತ್ವ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ತಗ್ಗಿಸುತ್ತದೆ. ಎರಡನ್ನೂ ನುಂಗುವವರು ಅಂಗಾಲು ಜುಮ್ಮೆನ್ನುತ್ತದೆ ಎಂದರೆ ಅದೆಲ್ಲ ಸಕ್ಕರೆಯಿಂದಲೇ ಎಂದು ಬಿಟ್ಟುಬಿಡುವ ಹಾಗಿಲ್ಲ. ಬಿ-12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವಂತೆ ಬರೆದುಕೊಡುತ್ತೇವೆ.

ಪಂಪು ಬಳಸುವವರಿಗೆ ಅಲ್ಲೇ ಒಮ್ಮೆ ಎಳೆದು ತೋರಿಸಲು ಹೇಳುತ್ತೇವೆ. ಒತ್ತುವುದೊಂದು ಗಳಿಗೆ, ಉಸಿರು ಎಳೆಯುವುದೊಂದು ಗಳಿಗೆ ಆದರೆ ಔಷಧವೆಲ್ಲ ನಾಲಿಗೆಗೆ. ಸ್ಟೀರಾಯ್ಡ್ ಇರುವ ಪಂಪಾದರೆ ಎಳೆದ ನಂತರ ಬಾಯಿ ಮುಕ್ಕಳಿಸಬೇಕು.

ಹೆಸರು ಎರಡು, ಔಷಧ ಒಂದು

ನಾವು ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ಸ್ಟ್ರಿಪ್ಪಿನ ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಔಷಧದ ನಿಜ ಹೆಸರು ಜೊತೆಗಿರುವ ಸಾಲುಗಳಲ್ಲಿರುತ್ತದೆ. ಕಂಪನಿಯ ಹೆಸರು ಬೇರೆ ಬೇರೆಯಾಗಿದ್ದರೆ ಔಷಧವೂ ಬೇರೆ ಎಂದು ನಂಬುವುದು ಸಹಜ. ಗ್ಲೈಕೊಮೆಟ್-ಜಿಪಿ ಮತ್ತು ಅಮರಿಲ್ ಒಂದೇ ಡಬ್ಬಿಯಲ್ಲಿದ್ದರೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಎರಡು ಬಾಗಿಲಿನಿಂದ ಒಳಗೆ ಹೋಗುತ್ತಿದೆ ಎಂದರ್ಥ. ವೈದ್ಯರು ಬೇಕೆಂದೇ ಹಾಗೆ ಬರೆದಿರಬಹುದು. ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದೆ ಬರೆದಿದ್ದರೆ ಸಕ್ಕರೆ ನೆಲ ಕಚ್ಚಬಹುದು. ಜನೌಷಧಿಯ ಸ್ಟ್ರಿಪ್ಪಿನಲ್ಲಿ ನಿಜ ಹೆಸರೇ ದೊಡ್ಡದಾಗಿ ಇರುವುದರಿಂದ, ಹೊರಗಿನ ಅಂಗಡಿಯ ಸ್ಟ್ರಿಪ್ಪಿನ ಪಕ್ಕದಲ್ಲಿಟ್ಟಾಗ ಅದು ಮೂರನೆಯದೇ ಔಷಧದಂತೆ ಕಾಣುತ್ತದೆ.

ಪ್ಯಾರಾಸಿಟಮಾಲ್ ಲೆಕ್ಕ ನೀವೇ ಮಾಡಿ ನೋಡಿ. ಜ್ವರಕ್ಕೆ ಡೋಲೊ 650 ದಿನಕ್ಕೆ ಮೂರು: 1,950 ಮಿಲಿಗ್ರಾಂ. ಮೈಕೈ ನೋವಿಗೆ ಆಸಿಕ್ಲೊಫೆನಾಕ್ ಬೆರೆತ ಗುಳಿಗೆ ದಿನಕ್ಕೆ ಎರಡು, ಒಂದೊಂದರಲ್ಲಿ ಪ್ಯಾರಾಸಿಟಮಾಲ್ 325: ಇನ್ನೊಂದು 650. ನೆಗಡಿಯ ಗುಳಿಗೆ ದಿನಕ್ಕೆ ಮೂರು, ಒಂದರಲ್ಲಿ 500: ಮತ್ತೆ 1,500. ಒಟ್ಟು 4,100. ಆರೋಗ್ಯವಂತ ವಯಸ್ಕರಿಗೇ ದಿನದ ಮಿತಿ 4,000. ಸೊರಗಿದ ಮುದುಕರಿಗೆ, ಯಕೃತ್ತು ಕೆಟ್ಟವರಿಗೆ, ದಿನವೂ ಕುಡಿಯುವವರಿಗೆ ಮಿತಿ ಇನ್ನೂ ಕೆಳಗೆ. ಮೂರು ಗುಳಿಗೆಗಳಲ್ಲಿ ಯಾವುದೂ ಅಪಾಯದ್ದಾಗಿ ಕಾಣುವುದಿಲ್ಲ, ಮೂರನ್ನೂ ಚೀಟಿಯಿಲ್ಲದೆ ಕೊಂಡಿರುತ್ತಾರೆ.

ಇನ್ನು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಜೋಡಿಗಳಿವೆ. ರಕ್ತದೊತ್ತಡ ಇಳಿಸಲು ಟೆಲ್ಮಿಸಾರ್ಟನ್, ಮೊಣಕಾಲಿಗೆ ಡೈಕ್ಲೊಫೆನಾಕ್. ನೋವಿನ ಗುಳಿಗೆ ರಕ್ತದೊತ್ತಡವನ್ನು ಮೇಲಕ್ಕೆ ಎಳೆಯುತ್ತದೆ. ಇವೆರಡರ ಜೊತೆ ನೀರಿಳಿಸುವ ಗುಳಿಗೆಯೂ ಸೇರಿದರೆ ಹೊಡೆತ ಕಿಡ್ನಿಗೆ, ಅದರಲ್ಲೂ ವಾಂತಿಭೇದಿಯಾಗಿ ಮೈಯ ನೀರು ಆರಿದಾಗ. ರಕ್ತ ತೆಳುವಾಗಿಸುವ ಔಷಧ ನುಂಗುವವರಿಗೆ ನೋವಿನ ಗುಳಿಗೆ ಹೊಟ್ಟೆಯೊಳಗೆ ರಕ್ತಸ್ರಾವ ತರಬಹುದು. ಕಪ್ಪಗೆ ಡಾಂಬರಿನಂತೆ ಮಲ ಹೋದರೆ ಪರಿಶೀಲನೆಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಅಂಗಡಿಗೆ ಬರುವ ಮುಂಚೆಯೇ ನೋಡುವ ಆಸೆಯಿದ್ದರೆ ಮೊಬೈಲ್ ಸಾಕು. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್ ಔಷಧಗಳ ಪೊಟ್ಟಣದ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಬೇಕೆಂಬ ನಿಯಮವಿದೆ. ಸ್ಕ್ಯಾನ್ ಮಾಡಿದರೆ ನಿಜ ಹೆಸರು, ತಯಾರಾದ ತಿಂಗಳು, ಅವಧಿ ಎಲ್ಲ ಕಾಣುತ್ತದೆ. ಮೊಮ್ಮಕ್ಕಳಿಗೆ ಒಪ್ಪಿಸಿ.

ಹೊತ್ತು ಹೊಂದಿಸುವುದು

ಚೀಟಿಯ ಮೇಲಿನ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಯಾರ ದಿನಚರಿಯನ್ನೂ ನೋಡಿ ಬರೆದದ್ದಲ್ಲ. ನಾವು ನಿಮ್ಮ ದಿನವನ್ನು ಕೇಳುತ್ತೇವೆ: ಏಳುವುದು ಎಷ್ಟಕ್ಕೆ, ಚಹಾ ಎಷ್ಟಕ್ಕೆ, ರೊಟ್ಟಿ ಎಷ್ಟಕ್ಕೆ.

ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ. ಚಹಾ ಅರ್ಧದಿಂದ ಒಂದು ಗಂಟೆ ಬಿಟ್ಟು. ಇದನ್ನು ಎಲ್ಲರೂ ಕೇಳಿರುತ್ತಾರೆ, ಆದರೆ ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಗುಳಿಗೆಗೂ ಅದಕ್ಕೂ ನಾಲ್ಕು ಗಂಟೆಯ ಅಂತರ ಬೇಕೆಂಬುದನ್ನು ಕೇಳಿರುವುದಿಲ್ಲ. ಒಂದೇ ಬೊಗಸೆಯಲ್ಲಿ ಮೂರನ್ನೂ ನುಂಗಿ, ಆರು ತಿಂಗಳಾದರೂ ಥೈರಾಯ್ಡ್ ರಕ್ತಪರೀಕ್ಷೆಯ ಟಿ.ಎಸ್.ಎಚ್. ಅಂಕಿ ಇಳಿಯುತ್ತಿಲ್ಲ ಎಂದು ಕೊರಗುವ ಹೆಣ್ಣುಮಕ್ಕಳು ತಿಂಗಳಿಗೊಬ್ಬರಾದರೂ ಬರುತ್ತಾರೆ. ಕ್ಯಾಲ್ಸಿಯಮ್ಮನ್ನು ರಾತ್ರಿಯ ಊಟಕ್ಕೆ ದೂಡಿದರೆ ಆಯಿತು.

ಮೆಟ್‌ಫಾರ್ಮಿನ್ ಊಟದ ಜೊತೆ ಅಥವಾ ನಂತರ. ಗ್ಲಿಮೆಪಿರೈಡ್ ದಿನದ ಮೊದಲ ಊಟಕ್ಕೆ ತುಸು ಮುಂಚೆ, ಮತ್ತು ಆಮೇಲೆ ಊಟ ತಪ್ಪಲೇಬಾರದು. ಶ್ರಾವಣ ಸೋಮವಾರ, ಏಕಾದಶಿ, ನವರಾತ್ರಿ, ರಂಜಾನ್ ಬಂದಾಗಲೆಲ್ಲ ನನಗೆ ಇದೇ ಚಿಂತೆ. ಉಪವಾಸ ಬಿಡಿ ಎಂದು ಹೇಳುವ ಅಧಿಕಾರ ನನ್ನದಲ್ಲ. ಉಪವಾಸದ ದಿನ ಯಾವ ಗುಳಿಗೆ ಎಷ್ಟು ಎಂದು ವಾರದ ಮುಂಚೆಯೇ ವೈದ್ಯರನ್ನು ಕೇಳಿಕೊಳ್ಳಿ ಎನ್ನುತ್ತೇನೆ. ಕೈ ನಡುಗಿ, ಬೆವರು ಕಿತ್ತು, ಕಣ್ಣು ಮಂಜಾದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ನುಂಗಲು ಆಗದೆಂದು ಎಲ್ಲವನ್ನೂ ಕುಟ್ಟಿ ಬಾಳೆಹಣ್ಣಿನಲ್ಲಿ ಕಲಸುವ ಮನೆಗಳಿವೆ. ಹೆಸರಿನ ಕೊನೆಗೆ ಎಸ್ಆರ್, ಇಆರ್, ಎಕ್ಸ್ಆರ್ ಎಂದಿದ್ದರೆ ಅದು ದಿನವಿಡೀ ನಿಧಾನವಾಗಿ ಕರಗುವಂತೆ ಮಾಡಿದ್ದು. ಕುಟ್ಟಿದರೆ ದಿನದ ಔಷಧವೆಲ್ಲ ಒಮ್ಮೆಲೇ ಹೊಟ್ಟೆಗೆ. ಬದಲಿ ಇದೆಯೇ ಎಂದು ಕೇಳಿ.

ವಾರಕ್ಕೊಮ್ಮೆಯ ಗುಳಿಗೆಗಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತಾಡುತ್ತೇನೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಮೂಳೆಯ ಮಜ್ಜೆಗೆ ಪೆಟ್ಟು ಬಿದ್ದು ಪ್ರಾಣವೇ ಹೋಗಬಹುದು. ಸ್ಟ್ರಿಪ್ಪಿನ ಮೇಲೆ 'ವಾರಕ್ಕೊಮ್ಮೆ' ಎಂದು ಬರೆದರೆ ಸಾಲದು, ವಾರದ ಹೆಸರನ್ನೇ ಬರೆಸಿಕೊಳ್ಳಿ: 'ಗುರುವಾರ ಮಾತ್ರ'.

ಇನ್ಸುಲಿನ್ ಇಡುವ ಬಗೆಯೂ ಇಲ್ಲೇ ಬರಬೇಕು. ತೆರೆಯದ ಸೀಸೆ ಫ್ರಿಜ್ಜಿನಲ್ಲಿ, ಬರ್ಫ್ ಕಟ್ಟುವ ಕಪಾಟಿನಲ್ಲಲ್ಲ. ತೆರೆದದ್ದು ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇರಬಲ್ಲದು, ಆದರೆ ಆ 'ಹೊರಗೆ' ಎಂದರೆ 25ರಿಂದ 30 ಡಿಗ್ರಿ. ನಮ್ಮಲ್ಲಿ ಮೇ ತಿಂಗಳಿಗೆ 40 ದಾಟುತ್ತದೆ, ತಗಡಿನ ಮನೆಯೊಳಗೆ ಅದಕ್ಕೂ ಹೆಚ್ಚು. ಫ್ರಿಜ್ ಇಲ್ಲದವರು ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಒಳಗೊಂದು ಚಿಕ್ಕ ಗಡಿಗೆ ಇಟ್ಟು, ಅದರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸೀಸೆ ಇಡಲಿ. ಮರಳು ಆರದಂತೆ ದಿನಕ್ಕೆರಡು ಬಾರಿ ನೀರು ಚಿಮುಕಿಸಿ, ಗಾಳಿಯಾಡುವ ನೆರಳಿನಲ್ಲಿಡಬೇಕು.

ವೈದ್ಯರಿಗೆ ನಾಲ್ಕು ಸಾಲು

ಇಷ್ಟೆಲ್ಲ ನೋಡಿದ ಮೇಲೂ ನಾವು ಒಂದು ಗುಳಿಗೆಯನ್ನೂ ನಿಲ್ಲಿಸುವುದಿಲ್ಲ, ಪ್ರಮಾಣ ಬದಲಿಸುವುದಿಲ್ಲ. ಚೀಟಿಯಲ್ಲಿರುವುದರ ಬದಲು ಬೇರೆಯದನ್ನು ಕೊಡಲೂ ಕಾನೂನು ಬಿಡುವುದಿಲ್ಲ. ನಿಮ್ಮ ಫಾರ್ಮಾಸಿಸ್ಟ್ "ಇದನ್ನು ಬಿಡಿ" ಎಂದು ತಾವೇ ತೀರ್ಮಾನ ಕೊಟ್ಟರೆ ಒಪ್ಪಬೇಡಿ. ಹೃದಯದ, ಮೂರ್ಛೆಯ ಔಷಧಗಳನ್ನು ದಿಢೀರನೆ ಬಿಟ್ಟರೆ ಕಾಯಿಲೆ ತಿರುಗಿ ಬಡಿಯುತ್ತದೆ.

ನಾವು ಮಾಡುವುದು ಬರೆಯುವುದು. ಆ ಅಜ್ಜಿಗೆ ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು: "ವೈದ್ಯರಿಗೆ ನಮಸ್ಕಾರ. ಇವರು ಬೆಳಿಗ್ಗೆ ಟೆಲ್ಮಾ-ಎಎಂ, ರಾತ್ರಿ ಆಮ್ಲಾಂಗ್ 5 ತೆಗೆದುಕೊಳ್ಳುತ್ತಿದ್ದಾರೆ. ಎರಡು ತಿಂಗಳಿಂದ ಎರಡೂ ಪಾದ ಬಾತಿವೆ, ಒಮ್ಮೆ ತಲೆ ತಿರುಗಿ ಬಿದ್ದಿದ್ದಾರೆ. ಇಂದು ಕುಳಿತಾಗ ಬಿ.ಪಿ. 112/66. ಆಮ್ಲೊಡಿಪಿನ್ ಎರಡು ಕಡೆ ಬಂದಿದೆ, ದಯವಿಟ್ಟು ಗಮನಿಸಿ." ಯಾರ ತಪ್ಪು ಎಂಬ ಮಾತು ಅದರಲ್ಲಿಲ್ಲ. ಇಂಥ ಚೀಟಿ ಕಂಡು ಸಿಟ್ಟಾದ ವೈದ್ಯರೂ ಇದ್ದಾರೆ, ಫೋನ್ ಮಾಡಿ ಧನ್ಯವಾದ ಹೇಳಿದವರೂ ಇದ್ದಾರೆ. ಎರಡನೆಯವರು ಹೆಚ್ಚು.

ಚೀಟಿಯನ್ನು ನೀವು ಮುಖ್ಯವಾಗಿ ತೋರಿಸುವ ಒಬ್ಬ ವೈದ್ಯರಿಗೆ ಕೊಡಿ, ಮೂವರಿಗಲ್ಲ. ಅವರು ಮಾಡಿದ ಬದಲಾವಣೆಯೊಂದಿಗೆ ಮತ್ತೆ ನಮ್ಮಲ್ಲಿಗೆ ಬನ್ನಿ. ಆಗ ಹೊಸ ಪಟ್ಟಿ ಮಾಡಿಕೊಡುತ್ತೇವೆ: ಔಷಧದ ನಿಜ ಹೆಸರು, ಕಂಪನಿಯ ಹೆಸರು, ಯಾವುದಕ್ಕೆ, ಯಾವ ಹೊತ್ತಿಗೆ. ಓದು ಬಾರದವರಿಗೆ ಸೂರ್ಯ, ಚಂದ್ರ, ರೊಟ್ಟಿಯ ಚಿತ್ರ ಬರೆದುಕೊಡುವುದುಂಟು. ನನ್ನ ರೊಟ್ಟಿ ಚಂದ್ರನಂತೆಯೇ ಕಾಣುತ್ತದೆ ಎಂಬ ದೂರು ಬಂದ ಮೇಲೆ ರೊಟ್ಟಿಯ ಪಕ್ಕ ಒಂದು ಮೆಣಸಿನಕಾಯಿ ಸೇರಿಸಿದ್ದೇನೆ.

ಬೇಡವಾದವುಗಳ ವಿಲೇವಾರಿ

ನಿಲ್ಲಿಸಿದ ಗುಳಿಗೆಗಳು ಮತ್ತೆ ಡಬ್ಬಿಗೆ ಹೋಗಬಾರದು, ಪಕ್ಕದ ಮನೆಯ ಕಾಕಾಗೂ ಹೋಗಬಾರದು. ಅವಧಿ ಮುಗಿಯುವ ತಿಂಗಳು ಬರೆದಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ತೆರೆದ ಕಣ್ಣಿನ ಹನಿಗೆ ಅದು ಅನ್ವಯಿಸದು. ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಚೆಲ್ಲಬೇಕು, ತೆರೆದ ತಾರೀಖನ್ನು ಸೀಸೆಯ ಮೇಲೆ ಬರೆಯಿರಿ. ಚೆಲ್ಲುವಾಗ ಸ್ಟ್ರಿಪ್ಪಿನಿಂದ ಬಿಡಿಸಿ, ಸೋಸಿದ ಚಹಾಪುಡಿಯಲ್ಲೋ ಮಣ್ಣಿನಲ್ಲೋ ಕಲಸಿ, ಚೀಲಕ್ಕೆ ಕಟ್ಟಿ ಕಸದ ಗಾಡಿಗೆ ಹಾಕಿ. ದನಕರುಗಳು ಬಾಯಿ ಹಾಕುವ ತಿಪ್ಪೆಗೆ ಬೇಡ, ಹಳ್ಳಕ್ಕೂ ಬೇಡ.

ಹೊಸ ಗುಳಿಗೆಯಿಂದ ಮೈ ತುರಿಸಿದರೆ, ಒಣಕೆಮ್ಮು ಹತ್ತಿದರೆ ಅಥವಾ ಬೇರೇನಾದರೂ ಆದರೆ ವೈದ್ಯರಿಗೆ ಹೇಳಿದ ಮೇಲೆ 1800-180-3024ಕ್ಕೂ ತಿಳಿಸಬಹುದು. ಅದು ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಸಂಖ್ಯೆ. ರೋಗಿಯೇ ನೇರವಾಗಿ ಕರೆ ಮಾಡಬಹುದು.

ಮತ್ತೆ ಯಾವಾಗ ಬರಬೇಕು? ಆರು ತಿಂಗಳಿಗೊಮ್ಮೆ ಸಾಕು. ನಡುವೆ ಆಸ್ಪತ್ರೆಗೆ ಸೇರಿ ಬಂದರೆ ಮಾತ್ರ ವಾರದೊಳಗೆ. ಹೊಸ ಪಟ್ಟಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿರಲಿ. ಕಾಗದವನ್ನು ಪ್ಲಾಸ್ಟಿಕ್ ಹೊದಿಕೆಗೆ ಹಾಕಿ ಆಧಾರ್ ಕಾರ್ಡಿನ ಜೊತೆ ಇಡಿ. ಮಿರಜಿಗೋ ಸೊಲ್ಲಾಪುರಕ್ಕೋ ಹೊರಟಾಗ ಆಧಾರ್ ಮರೆಯುವವರಿಲ್ಲ.